ಕಳೆನಾಶಕ: ಜಿಲ್ಲೆಯಲ್ಲೇ ಅಧ್ಯಯನ ನಡೆಯಲಿ



ಕೊಪ್ಪಳ ಜಿಲ್ಲೆಯ ಗಂಗಾವತಿ ಭಾಗದ ಭತ್ತದ ಗದ್ದೆಗಳಲ್ಲಿ, ಕುಷ್ಟಗಿ, ಯಲಬುರ್ಗಾದ ಮೆಕ್ಕೆಜೋಳದ ಹೊಲಗಳಲ್ಲಿ ಕಳೆ ತೆಗೆಯಲು ಆಳು ಸಿಗದೆ ಕಳೆನಾಶಕ ಹೊಡೆಯುವುದು ಸಾಮಾನ್ಯವಾಗಿದೆ. ಬೆನ್ನಿಗೆ ಪಂಪು, ಮೂಗಿಗೊಂದು ಟವೆಲ್, ಬರಿಗಾಲು. ಕೂಲಿಕಾರರಿಗೆ ಇರುವ ರಕ್ಷಣೆ ಇಷ್ಟೇ. ಔಷಧ ಬೆರೆಸುವಾಗ ಕೈಗವಸೂ ಇರುವುದಿಲ್ಲ.

ಇದರಿಂದ ಕ್ಯಾನ್ಸರ್ ಬರುತ್ತದೆಯೇ ಎಂಬ ಆತಂಕ ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2015ರಲ್ಲಿ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ವರ್ಗೀಕರಿಸಿತು. ಅಮೆರಿಕದಲ್ಲಿ 1993ರಿಂದ ಸುಮಾರು 89 ಸಾವಿರ ಸಿಂಪಡಣೆಗಾರರು ಮತ್ತು ಅವರ ಸಂಗಾತಿಗಳ ಆರೋಗ್ಯ ಗಮನಿಸುತ್ತಿರುವ ಅಧ್ಯಯನವು, ಗ್ಲೈಫೊಸೇಟ್‌ಗೂ ಒಟ್ಟಾರೆ ಕ್ಯಾನ್ಸರ್‌ಗೂ ನಂಟು ಕಂಡುಬಂದಿಲ್ಲವೆಂದು 2018ರಲ್ಲಿ ವರದಿ ಮಾಡಿತು. ಆದರೆ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಸಿಂಪಡಿಸುವ ನಮ್ಮವರಿಗೆ ಆ ಫಲಿತಾಂಶ ಹಾಗೆಯೇ ಅನ್ವಯಿಸದು.

ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ರಾಯಚೂರು ಕೃಷಿ ವಿಶ್ವವಿದ್ಯಾಲಯ ಹಾಗೂ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಕೂಡಿ ಇಲ್ಲಿಯೇ ದೀರ್ಘಾವಧಿ ಅಧ್ಯಯನ ಕೈಗೊಳ್ಳಬೇಕು. ಯಾವ ಔಷಧವನ್ನು ಎಷ್ಟು ವರ್ಷ ಸಿಂಪಡಿಸಿದ್ದರು ಎಂಬ ವಿವರ ಕ್ಯಾನ್ಸರ್ ರೋಗಿಗಳ ದಾಖಲೆಯಲ್ಲಿ ಸೇರಬೇಕು. ಅಲ್ಲಿಯವರೆಗೆ ಕೃಷಿ ಇಲಾಖೆಯು ರೈತ ಸಂಪರ್ಕ ಕೇಂದ್ರಗಳ ಮೂಲಕ ಕೂಲಿಕಾರರಿಗೂ ಕೈಗವಸು, ಮುಖಗವಸು, ಗಂಬೂಟು ಒದಗಿಸಲಿ.

– ಒಬ್ಬ ರೈತ, ಗಂಗಾವತಿ