ಊದ್ ಹೊರಬರುವ ದಾರಿಯಲ್ಲಿ ಲಸಿಕೆ ಏಕೆ ಹೋಗದು?

ಜುಮ್ಮಾ ನಮಾಜಿಗೆ ಹೊರಡುವಾಗ ಅಂಗಿಗೆ ಊದ್ ಅತ್ತರು ಹಚ್ಚಿಕೊಳ್ಳುವುದು ನಮಗೆ ಇಷ್ಟ. ಕನ್ನಡದ ಊದುಬತ್ತಿಯಲ್ಲಿ ಕೂತಿರುವುದೂ ಅದೇ ಅರಬಿ ಶಬ್ದ. ಆದರೆ ಆ ಅಗರು ಯಾರ ಕಾಡಿನಿಂದ ಬರುತ್ತದೆಂದು ನಾವು ಕೇಳುವುದಿಲ್ಲ. ಅರಬ್ ಮಾರುಕಟ್ಟೆಗೆ ಅಗರು ಒದಗಿಸುವ ಕಾಡುಗಳಲ್ಲಿ ಇಂಡೋನೇಷ್ಯಾದ ಪಾಪುವಾವೂ ಒಂದು. 1990ರ ದಶಕದಲ್ಲಿ ಅಗರು ವ್ಯಾಪಾರ ಅಲ್ಲಿನ ದಕ್ಷಿಣದ ಜೌಗು ಕಾಡಿನೊಳಕ್ಕೂ ನುಗ್ಗಿತು. ಅದು ಕೊರೊವಾಯಿ ಎಂಬ ಕೆಲವೇ ಸಾವಿರ ಜನರ ನೆಲ.

ಅವರ ಬಗ್ಗೆ ಜಗತ್ತಿಗೆ ಗೊತ್ತಿರುವುದು ಎರಡೇ: ಮರದ ಮೇಲಿನ ಮನೆ ಮತ್ತು ನರಮಾಂಸದ ಕಥೆ. ಬಿಬಿಸಿಯ 'ಹ್ಯೂಮನ್ ಪ್ಲಾನೆಟ್' 2011ರಲ್ಲಿ ಆಕಾಶದೆತ್ತರದ ಮರದ ಮನೆಯೊಂದನ್ನು ತೋರಿಸಿತು. ಅದನ್ನು ಚಿತ್ರೀಕರಣಕ್ಕೆಂದೇ ಕಟ್ಟಿಸಲಾಗಿತ್ತೆಂದು 2018ರಲ್ಲಿ ಬಿಬಿಸಿಯೇ ಒಪ್ಪಿಕೊಂಡಿತು. ಅವರು ವಾಸಿಸುವ ಮನೆಗಳು ಅದಕ್ಕಿಂತ ಎಷ್ಟೋ ತಗ್ಗು. ನೋಡುವವರ ಬೆರಗಿಗಾಗಿ ಬದುಕಿರುವವರ ಬದುಕನ್ನೇ ತಿದ್ದಿದ್ದಾಯಿತು!

ನಿಜವಾದ ಬದುಕು ಸಾಗೋ ಮರದ ಸುತ್ತ ಇದೆ. ಮರ ಕಡಿದು, ತಿರುಳು ಜಜ್ಜಿ, ನೀರಲ್ಲಿ ತೊಳೆದು ತೆಗೆದ ಹಿಟ್ಟೇ ಅವರ ಅನ್ನ. ಕಡಿದ ಮರದಲ್ಲಿ ಬೆಳೆಯುವ ಹುಳುಗಳೇ ಹಬ್ಬದೂಟ. ಪ್ರತಿ ಕುಲಕ್ಕೂ ತನ್ನದೇ ನೆಲ. ಗಿನೋಲ್ ಎಂಬ ಸೃಷ್ಟಿಕರ್ತನ ಕಥೆಗಳಿವೆ. ಹಿರಿಯರ ಆತ್ಮಗಳಿಗೆ ಹಂದಿಯ ಬಲಿಯಿದೆ. ಹಂದಿ, ಹುಳು ಎಂದೊಡನೆ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ತಟ್ಟೆ ನೋಡಿ ಮನುಷ್ಯನನ್ನು ಅಳೆಯುವ ಕಣ್ಣಿಗೆ ನಾವೂ ಗುರಿಯಾದವರೆಂಬುದನ್ನು ಅವರು ಮರೆಯಬಾರದು.

ಜ್ವರ ಬಂದು ಸತ್ತರೆ 'ಖಾಖುವಾ' ಎಂಬ ಮಾಟಗಾರನ ಕೃತ್ಯವೆಂದು ನಂಬಿ, ಆರೋಪ ಹೊತ್ತವನನ್ನು ಕೊಲ್ಲುತ್ತಿದ್ದುದೂ ಉಂಟು. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಮಲೇರಿಯಾಕ್ಕೆ ಮದ್ದೇ ತಲುಪದ ಕಡೆ ಸಾವಿಗೆ ಕಾರಣ ಹುಡುಕುವವರು ಇನ್ನೆಲ್ಲಿ ಹುಡುಕಬೇಕು? ಮೂಢನಂಬಿಕೆಯನ್ನು ಹಳಿಯುವುದು ಸುಲಭ, ದಾದಿಯೊಬ್ಬಳನ್ನು ಕಳಿಸುವುದು ಕಷ್ಟ.

ಪಕ್ಕದ ಅಸ್ಮತ್ ಪ್ರದೇಶವನ್ನೇ ನೋಡಿ. 2017ರ ಕೊನೆ ಮತ್ತು 2018ರ ಆರಂಭದ ತಿಂಗಳುಗಳಲ್ಲಿ ದಡಾರ ಮತ್ತು ಅಪೌಷ್ಟಿಕತೆಯಿಂದ ಅಲ್ಲಿ ಸುಮಾರು 70 ಮಕ್ಕಳು ಸತ್ತರು. ದಡಾರಕ್ಕೆ ಲಸಿಕೆ ಬಂದು ಆಗಲೇ ಅರ್ಧ ಶತಮಾನ ಕಳೆದಿತ್ತು. ಸುದ್ದಿಯಾದ ಮೇಲೆ ಸೇನೆಯ ವೈದ್ಯತಂಡಗಳು ಧಾವಿಸಿದವು, ನಿಜ. ಜೊತೆಗೆ ಜನರನ್ನೇ ಅಲ್ಲಿಂದ ಸ್ಥಳಾಂತರಿಸುವ ಮಾತನ್ನು ಅಧ್ಯಕ್ಷರು ಎತ್ತಿದರು. ಅಗರು ಹೊರಬರಲು ದಾರಿಯಿದೆ, ಲಸಿಕೆ ಒಳಹೋಗಲು ಮಾತ್ರ ಊರೇ ಎದ್ದು ಬರಬೇಕೆ?

"ಇಂಡೋನೇಷ್ಯಾ ಮುಸ್ಲಿಮರ ಬಹುದೊಡ್ಡ ದೇಶ. ನಾವೇ ಅದನ್ನು ಟೀಕಿಸಿದರೆ ವೈರಿಗಳ ಕೈಗೆ ಕೋಲು ಕೊಟ್ಟಂತಲ್ಲವೆ?" ಎಂದು ಕೆಲವರು ಕೇಳುತ್ತಾರೆ. ಹಾಗಾದರೆ ನಮಗೆ ಬೇಕಿರುವುದು ನ್ಯಾಯವೋ, ನಮ್ಮವರ ಮಾನವೋ? 2019ರ ಆಗಸ್ಟಿನಲ್ಲಿ ಸುರಬಾಯ ನಗರದಲ್ಲಿ ಪಾಪುವಾದ ವಿದ್ಯಾರ್ಥಿಗಳ ಹಾಸ್ಟೆಲಿಗೆ ಮುತ್ತಿಗೆ ಹಾಕಿದವರು ಅವರನ್ನು 'ಕೋತಿಗಳು' ಎಂದು ಕೂಗಿದರು. ಬಿಲಾಲರ ಅಜಾನಿನ ಕಥೆಯನ್ನು ಮಿಲಾದಿನ ವೇದಿಕೆಗಳಲ್ಲಿ ಗದ್ಗದಿತರಾಗಿ ಹೇಳುವ ನಾವು ಆ ಕೂಗಿಗೆ ಏನು ಹೇಳಿದೆವು? ಪ್ಯಾಲೆಸ್ತೀನಿಗಾಗಿ ಎತ್ತಿದ ದನಿ ಪಾಪುವಾದ ಹೆಸರು ಬಂದಾಗ ಗಂಟಲಲ್ಲೇ ಉಳಿದರೆ, ಅದು ನ್ಯಾಯದ ದನಿಯಾಗಿರಲಿಲ್ಲ, ಬರೀ ನೆಂಟಸ್ತಿಕೆಯ ದನಿಯಾಗಿತ್ತು.

ಮೂಲ ನಂಬಿಕೆಗಳನ್ನು ಗುರುತಿನ ಚೀಟಿಯ ಧರ್ಮದ ಕಾಲಂನಲ್ಲಿ ಬರೆಸಬಹುದೆಂದು ಇಂಡೋನೇಷ್ಯಾದ ಸಂವಿಧಾನ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿತು. ಅಲ್ಲಿಯವರೆಗೆ ಅಂಥವರು ಆ ಕಾಲಂ ಖಾಲಿ ಬಿಡಬೇಕಿತ್ತು, ಇಲ್ಲವೇ ಮಾನ್ಯತೆ ಪಡೆದ ಆರು ಧರ್ಮಗಳಲ್ಲೊಂದರ ಹೆಸರು ಬರೆಸಬೇಕಿತ್ತು. ಆ ದೇಶದಲ್ಲೂ ನ್ಯಾಯ ಬಲ್ಲವರಿದ್ದಾರೆ. ನಾವು ನಿಲ್ಲಬೇಕಾದದ್ದು ಅವರ ಜೊತೆ.

ಕೊರೊವಾಯಿಗಳಿಗೆ ನಮ್ಮ ಬೆರಗೂ ಬೇಡ, ಮರುಕವೂ ಬೇಡ. ಅವರ ಸಾಗೋ ತೋಪು ಅವರಿಗಿರಲಿ, ಅವರ ಗಿನೋಲ್ ಅವರಿಗಿರಲಿ, ಮಗುವಿಗೆ ಜ್ವರ ಬಂದರೆ ಮದ್ದು ಸಿಗಲಿ. ಇಷ್ಟನ್ನೂ ಕೇಳಲಾರದಿದ್ದರೆ ನಮ್ಮ ಅಂಗಿಯ ಪರಿಮಳಕ್ಕೆ ಅರ್ಥವಿಲ್ಲ.