ಒಪ್ಪಿಗೆಯೋ, ಶುಲ್ಕವೋ?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಕ್ರೈಸ್ತ ಮನೆತನದ ಯುವಕನೋ ಯುವತಿಯೋ ಅನ್ಯಮತದವರಲ್ಲಿ ಅನುರಕ್ತರಾದರೆಂಬ ವಾರ್ತೆ ಹಬ್ಬಿದೊಡನೆ ಎರಡು ಮನೆಗಳಲ್ಲಿಯೂ ಏಳುವ ಮೊದಲ ಪ್ರಶ್ನೆ ಒಂದೇ: ಮತ ಬಿಡತಕ್ಕವರು ಯಾರು? ಅವರ ಶೀಲವೆಂತಹದು, ಪರಸ್ಪರ ವಿಶ್ವಾಸವೆಂತಹದು ಎಂಬ ವಿಚಾರವು ಆಮೇಲಿನದು.

ಜ್ಞಾನಸ್ನಾನವಿಲ್ಲದೆ ವಿವಾಹವಿಲ್ಲವೆಂಬುದು ಕ್ರೈಸ್ತಧರ್ಮದ ಕಟ್ಟಳೆಯೆಂದು ಹೇಳುವವರುಂಟು. ಈ ತಾಲ್ಲೂಕುಗಳ ಕಥೋಲಿಕರು 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಪ್ರಾಂತಕ್ಕೆ ಸೇರಿದವರು. ಅವರ ಸಭೆಯ 1983ರ ಧರ್ಮಸಂಹಿತೆಯು ಹೇಳುವುದೇ ಬೇರೆ. ವಧೂವರರ ಸಮ್ಮತಿಯೇ ವಿವಾಹದ ಮೂಲ. ಅದನ್ನು ಅನ್ಯರಾರೂ ಅವರ ಪರವಾಗಿ ಕೊಡಲಾರರು. ಜ್ಞಾನಸ್ನಾನವಾಗದವರೊಡನೆಯೂ ಬಿಷಪರ ವಿನಾಯಿತಿಯಿಂದ ವಿವಾಹವು ನಡೆಯಬಹುದು. 1917ರ ಸಂಹಿತೆಯು ಇಬ್ಬರಿಂದಲೂ ಭರವಸೆಯನ್ನು ಬೇಡುತ್ತಿದ್ದಿತು. 1970ರಲ್ಲಿ ಪೋಪ್ ಆರನೆಯ ಪಾಲರು ಅನ್ಯಮತದವರ ಮೇಲಿನ ಆ ಹೊರೆಯನ್ನು ಇಳಿಸಿದರು. ಆದುದರಿಂದ ಮತಾಂತರದ ಹಠವು ಮನೆಯವರದೇ ಹೊರತು ಸಂಹಿತೆಯದಲ್ಲ. ಧನವಿತ್ತು ಕನ್ಯೆಯನ್ನು ಪಡೆಯುವುದನ್ನು ಸ್ಮೃತಿಕಾರರು ಆಸುರವಿವಾಹವೆಂದು ನಿಂದಿಸಿದರು. ಧನದ ಬದಲು ಆತ್ಮವನ್ನೇ ಶುಲ್ಕವಾಗಿ ಕೇಳುವುದನ್ನು ಏನೆಂದು ಕರೆಯತಕ್ಕುದು? ವಧುವಿಗಾಗಿ ಪಡೆದ ದೀಕ್ಷೆಯಿಂದ ಕ್ರಿಸ್ತನಿಗೆ ಭಕ್ತನು ದೊರೆಯುವನೆ?

ಆದರೂ ಸಂಹಿತೆಯು ದೋಷರಹಿತವಲ್ಲ. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಲು ಶಕ್ತಿಮೀರಿ ಯತ್ನಿಸುವೆನೆಂದು ಕಥೋಲಿಕರು ಮಾತು ಕೊಡಬೇಕು. ಮತ್ತೊಬ್ಬರಿಗೆ ಅದನ್ನು ತಿಳಿಸಿದರೆ ಸಾಕು. ಕೂಸು ಇಬ್ಬರದು, ಮಾತು ಒಬ್ಬರದು! ಪ್ರಾರ್ಥನೆ, ಹಬ್ಬ, ನಾಮಕರಣ, ಅಂತ್ಯಕ್ರಿಯೆ ಇವೆಲ್ಲವೂ ದಾಂಪತ್ಯದೊಳಗೆ ಬರತಕ್ಕವೇ. ಶ್ರದ್ಧೆಯುಳ್ಳವರು ಇವನ್ನು ಮೊದಲೇ ಕುಳಿತು ಇತ್ಯರ್ಥಮಾಡಿಕೊಳ್ಳುವುದು ವಿವೇಕ. ಬೆದರಿಸಿ ಇತ್ಯರ್ಥಮಾಡುವುದು ಮಾತ್ರ ಅಧರ್ಮ.

ಇಷ್ಟನ್ನು ಓದಿ ಹಿಂದೂ ಗೃಹಸ್ಥರು ಹಿಗ್ಗಬೇಕಾದುದಿಲ್ಲ. ಪಾದ್ರಿಗಳ ಷರತ್ತನ್ನು ಜರೆಯುವ ಜಗಲಿಯಲ್ಲಿಯೇ ಸೊಸೆಗೆ ಹೋಮ ಮಾಡಿಸಿ ಹೆಸರು ಬದಲಿಸುವ ಮುಹೂರ್ತವನ್ನು ನೋಡುವರು. ಇದೇ ಸೀಮೆಯ ಕುಪ್ಪಳಿಯ ಕುವೆಂಪು ಅವರು 1966ರಲ್ಲಿ ಮಗನ ವಿವಾಹವನ್ನು ಮಂತ್ರಮಾಂಗಲ್ಯದಿಂದ ಸರಳವಾಗಿ ನಡೆಸಿದರು. ಅದನ್ನು ಸಭೆಗಳಲ್ಲಿ ಕೊಂಡಾಡುವವರು ತಮ್ಮ ಮನೆಯ ಸರದಿ ಬಂದಾಗ ಪಂಚಾಂಗವನ್ನು ಹುಡುಕುವರು.

1954ರ ವಿಶೇಷ ವಿವಾಹ ಕಾಯಿದೆಯ ಮೇರೆಗೆ ಯಾರೂ ಮತವನ್ನು ಬಿಡಬೇಕಾದುದಿಲ್ಲ. ಆದರೆ 30 ದಿನಗಳ ಪ್ರಕಟಣೆಯುಂಟು. ಮನೆಯವರ ಕಣ್ಣೀರು, ಗದರಿಕೆ, ಬಹಿಷ್ಕಾರದ ಮಾತುಗಳಿಗೆ ಆ ದಿನಗಳೇ ಸಾಕು. ಕಾಯಿದೆಯು ಕೊಟ್ಟ ಸ್ವಾತಂತ್ರ್ಯವನ್ನು ಬಂಧುಗಳು ಕಸಿದುಕೊಳ್ಳುವರು. ವಿವಾಹವು ಸಂಸ್ಕಾರವೆಂದು ಇಗರ್ಜಿಯೂ ಹೇಳುತ್ತದೆ, ಅಗ್ನಿಸಾಕ್ಷಿಯವರೂ ಹೇಳುವರು. ಬಲಾತ್ಕಾರದಿಂದ ಆದುದು ಎರಡು ಕಡೆಯಲ್ಲಿಯೂ ಸಂಸ್ಕಾರವಲ್ಲ, ಅದು ವ್ಯಾಪಾರ.