ಬಿಲ್ಲೆಗಿಂತ ಕಾಗದ ದೊಡ್ಡದು

ಹಳೆಯ ನಾಣ್ಯ, ಅಂಚೆಚೀಟಿ ಕೂಡಿಡುವವರು ನಮ್ಮವರಲ್ಲಿ ಬೇಕಾದಷ್ಟು ಜನ ಇದ್ದಾರೆ. ಸೈನ್ಯದ ಪ್ಯಾರಾಚೂಟ್ ಬ್ಯಾಡ್ಜ್‌ಗಳ ಹುಚ್ಚು ಹಿಡಿದವರು ಕಮ್ಮಿ. ಎರಡು ರೆಕ್ಕೆ, ನಡುವೆ ಪ್ಯಾರಾಚೂಟ್, ಅಷ್ಟೇ! ಆದರೆ ವಿಮಾನದಿಂದ ಹಾರುವ ತರಬೇತಿ ಮುಗಿಸಿದವನಿಗೆ ಮಾತ್ರ ಸಿಗುವ ಬಿಲ್ಲೆ ಅದು. ಆದ್ದರಿಂದಲೇ ಅದಕ್ಕೆ ಬೆಲೆ, ಆದ್ದರಿಂದಲೇ ನಕಲಿಗಳ ಕಾಟ.

ಅಮೆರಿಕದ ಬಿಲ್ಲೆಯನ್ನೇ ನೋಡಿ. ಕ್ಯಾಪ್ಟನ್ ವಿಲಿಯಂ ಯಾರ್ಬರೋ ಬರೆದ ವಿನ್ಯಾಸಕ್ಕೆ 1941ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಫಿಲಡೆಲ್ಫಿಯಾದ ಬೇಲಿ, ಬ್ಯಾಂಕ್ಸ್ ಅಂಡ್ ಬಿಡಲ್ ಎಂಬ ಒಡವೆ ಅಂಗಡಿ ಮೊದಲ ಕಂತಿನಲ್ಲಿ ಮಾಡಿಕೊಟ್ಟದ್ದು 350. ಇವತ್ತು ಮಾರಾಟಗಾರರು ಹಿಂಬದಿಯ 'ಸ್ಟರ್ಲಿಂಗ್' ಮುದ್ರೆ ತೋರಿಸಿ ದರ ಏರಿಸುತ್ತಾರೆ. ಆ ಮುದ್ರೆ ಹೇಳುವುದು ನೂರಕ್ಕೆ 92.5 ಪಾಲು ಬೆಳ್ಳಿ ಎಂದಷ್ಟೇ. ಬಿಲ್ಲೆಯ ವಯಸ್ಸನ್ನಲ್ಲ, ತೊಟ್ಟವನ ಹೆಸರನ್ನಂತೂ ಅಲ್ಲವೇ ಅಲ್ಲ.

ಬ್ರಿಟಿಷರದ್ದು ಬಲತೋಳಿಗೆ ಹೊಲಿಯುವ ಬಟ್ಟೆಯ ಬಿಲ್ಲೆ. ಇದಕ್ಕೆ ನಮ್ಮ ಬ್ಯಾಂಕುಗಳಲ್ಲಿ ನೋಟು ನೋಡುವ ನೇರಳಾತೀತ ದೀಪವೇ ಸಾಕು ಅನ್ನುವವರಿದ್ದಾರೆ. ಬಟ್ಟೆಗೆ ಬಿಳುಪು ಕೊಡುವ ಹೊಳಪು ರಾಸಾಯನಿಕಗಳು ಹೆಚ್ಚಾಗಿ ಬಳಕೆಗೆ ಬಂದದ್ದು ಯುದ್ಧದ ನಂತರ. ಆದ್ದರಿಂದ ದಾರ ಪಳಪಳ ಹೊಳೆದರೆ ಅನುಮಾನ ಪಡಬೇಕು, ಸರಿ. ಆದರೆ ಅಸಲಿ ಬಿಲ್ಲೆಯನ್ನೇ ಯಾರಾದರೂ ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ! ಹೊಳೆಯದ್ದೆಲ್ಲ ಅಸಲಿಯೂ ಅಲ್ಲ.

ಹಾಗಾದರೆ ಯಾವುದನ್ನು ನಂಬಬೇಕು? ಕಾಗದವನ್ನು. ಸೈನಿಕನ ಪೇಬುಕ್, ಸಮವಸ್ತ್ರದಲ್ಲಿ ತೆಗೆಸಿದ ಫೋಟೋ, ಮನೆಗೆ ಬರೆದ ಪತ್ರ. ಇವಿಲ್ಲದ ಬಿಲ್ಲೆ, ಮಾದರಿ ಸಹಿ ಇಲ್ಲದ ಖಾತೆಯ ಚೆಕ್ಕಿನಂತೆ. ಯಾವುದಕ್ಕೆ ಹೋಲಿಸಿ ಪಾಸು ಮಾಡೋಣ? ಅದಕ್ಕೇ ಬಿಲ್ಲೆ ಒಬ್ಬನಿಗೆ, ಫೋಟೋ ಇನ್ನೊಬ್ಬನಿಗೆ ಎಂದು ಬಿಡಿಬಿಡಿಯಾಗಿ ಮಾರುವುದು ನಕಲಿ ಮಾಡುವುದಕ್ಕಿಂತ ದೊಡ್ಡ ಅಪರಾಧ ಅನ್ನುತ್ತೇನೆ ನಾನು. ನಕಲಿಯನ್ನು ಇವತ್ತಲ್ಲ ನಾಳೆ ಹಿಡಿಯಬಹುದು. ಚದುರಿಹೋದ ಗುರುತನ್ನು ಮತ್ತೆ ಕೂಡಿಸುವುದು ಬಹಳ ಕಷ್ಟ.

ಇದು ದೂರದ ದೇಶದ ಮಾತು ಮಾತ್ರ ಅಲ್ಲ. 50ನೇ ಇಂಡಿಯನ್ ಪ್ಯಾರಾಚೂಟ್ ಬ್ರಿಗೇಡ್ ಹುಟ್ಟಿದ್ದು 1941ರ ಅಕ್ಟೋಬರ್‌ನಲ್ಲಿ, ದೆಹಲಿಯಲ್ಲಿ. ಪ್ಯಾರಾಚೂಟ್‌ನಲ್ಲಿ ಇಳಿದ ಮೊದಲ ಭಾರತೀಯ ಸೈನಿಕರು ಡಾಕ್ಟರ್ ಎ. ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. 1944ರಲ್ಲಿ ಇದೇ ಬ್ರಿಗೇಡ್ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಜಪಾನೀಯರನ್ನು ತಡೆದು ನಿಂತಿತು. ಇವತ್ತು ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನದೋ ಮಾವನದೋ ಇಂಥ ಬಿಲ್ಲೆ ಇದ್ದರೆ ದಯವಿಟ್ಟು ಪಾಲಿಶ್ ಹಾಕಿ ತಿಕ್ಕಬೇಡಿ. ಹೆಸರು, ನಂಬರು, ಬೆಟಾಲಿಯನ್, ಇಸವಿ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮಾರಲೇಬೇಕಾದರೆ ಎಲ್ಲವನ್ನೂ ಒಟ್ಟಿಗೇ ಮಾರಿ. ಹೇಳುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಏನಂತೀರಿ?